ಮುಕಾಬಲಿಸದ ಪುಟ

ಹೋದ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಪೊಲೀಸ್ ಕೆಲಸಕ್ಕೆ ಆಯ್ಕೆಯಾದಳು. ತರಬೇತಿ ಮುಗಿಸಿ ಠಾಣೆಗೆ ಹಾಜರಾಗುವ ಮುಂಚೆ ಪೇಡೆ ಡಬ್ಬಿ ಹಿಡಿದುಕೊಂಡು ನನ್ನ ಮನೆಗೆ ಬಂದು, "ಕಾಕಾ, ಇಷ್ಟ್ ವರ್ಷ ನೌಕರಿ ಮಾಡೀರಿ, ಏನರ ಒಂದು ಮಾತು ಹೇಳ್ರಿ" ಅಂದಳು. ನಾನು, "ಮುಕಾಬಲಿಸೋದು ಕಲಿ" ಅಂದೆ. ಅವಳು ನಕ್ಕು, "ಯಾರ ಕೂಡ ಕಾಕಾ? ಕಳ್ಳರ ಕೂಡೇನು?" ಅಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಮಾತಿನ ಅರ್ಥ ಹೇಳಿಕೊಡುವವರು ಈಗ ಯಾವ ಠಾಣೆಯಲ್ಲೂ ಉಳಿದಿಲ್ಲ ಎಂಬುದರ ಮೇಲೆ. ಅರ್ಧ ತಾಸು ಮಾತಾಡಿದೆ. ಅಷ್ಟರೊಳಗೆ ಅವಳು ಎರಡು ಸಲ ಮೊಬೈಲ್ ನೋಡಿಕೊಂಡಳು. ಹೇಳಿದ್ದು ಅವಳ ತಲೆಗೆ ಹೋಗಲಿಲ್ಲ ಎಂದು ಖಾತ್ರಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮಿಲಿಂದ. ಊರು ಭಾಲ್ಕಿ. ಮೂವತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದೆ. ಆ ಪೈಕಿ ಲಾಠಿ ಹಿಡಿದದ್ದು ಬಂದೋಬಸ್ತಿನ ದಿನಗಳಲ್ಲಿ ಮಾತ್ರ, ಉಳಿದದ್ದೆಲ್ಲ ಪೆನ್ನು. ಠಾಣೆಯಲ್ಲಿ ಬರೆಯುವ ಕೆಲಸ ಮಾಡುವ ಪೇದೆಗೆ ರೈಟರ್ ಅನ್ನುತ್ತಾರೆ. ಸಿನಿಮಾದಲ್ಲಿ ಅವನನ್ನು ತೋರಿಸುವುದಿಲ್ಲ, ತೋರಿಸಿದರೂ ಚಹಾ ತರುವವನಂತೆ ತೋರಿಸುತ್ತಾರೆ. ಆದರೆ ಠಾಣೆಗೆ ಬಂದವರ ನಸೀಬು ಅರ್ಧಕ್ಕರ್ಧ ಅವನ ಪೆನ್ನಿನ ತುದಿಯಲ್ಲಿರುತ್ತದೆ. ಎರಡು ಬಡ್ತಿ ಸಿಕ್ಕವು, ತಡವಾಗಿ ಸಿಕ್ಕವು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮೊದಲು ಮಾತಿನ ಅರ್ಥ. ಈಗ ಮುಕಾಬಲಾ ಅಂದರೆ ಎಲ್ಲರಿಗೂ ಪೈಪೋಟಿ, ಕುಸ್ತಿ, ಚುನಾವಣೆ ನೆನಪಾಗುತ್ತವೆ. ನಮ್ಮ ಕಡೆಯ ಹಳೆಯ ಕಚೇರಿಗಳಲ್ಲಿ ಅದಕ್ಕೆ ಬೇರೆ ಕೆಲಸವಿತ್ತು. ನಕಲು ತೆಗೆದ ಮೇಲೆ ಅಸಲನ್ನೂ ನಕಲನ್ನೂ ಎದುರುಬದುರು ಇಟ್ಟು, ಒಬ್ಬ ಓದುತ್ತ ಒಬ್ಬ ನೋಡುತ್ತ, ಅಕ್ಷರಕ್ಕೆ ಅಕ್ಷರ ಸರಿ ಇದೆಯೇ ಎಂದು ಪರೀಕ್ಷಿಸುವುದೇ ಮುಕಾಬಲಾ. ನಿಜಾಮನ ಕಾಲದ ಕಾರಕೂನರ ಬಾಯಲ್ಲಿದ್ದ ಉರ್ದು ಮಾತಿಗೆ ನಮ್ಮವರು ಕನ್ನಡದ ಬಾಲ ಹಚ್ಚಿ 'ಮುಕಾಬಲಿಸು' ಎಂದು ಮಾಡಿಕೊಂಡರು. ಬೀದರಿನಲ್ಲಿ ಒಬ್ಬ ನಿವೃತ್ತ ಉರ್ದು ಮೇಷ್ಟ್ರನ್ನು ಇದರ ಮೂಲ ಕೇಳಿದ್ದೆ. ಮಾತು ಅರಬ್ಬಿಯದು, ಮೂಲದಲ್ಲಿ 'ಮುಂದೆ, ಎದುರಿಗೆ' ಎಂಬ ಅರ್ಥ ಎಂದರು. ನಮಾಜಿಗೆ ಮುಖ ಮಾಡುವ ದಿಕ್ಕಿಗೆ ಹೇಳುವ ಕಿಬ್ಲಾ, ಒಪ್ಪಿಕೊಳ್ಳುವುದಕ್ಕೆ ಹೇಳುವ ಕಬೂಲ್, ಎಲ್ಲ ಒಂದೇ ಬಳಗವಂತೆ. ಎರಡು ಮುಖ ಎದುರೆದುರು ನಿಲ್ಲುವುದು ಮುಕಾಬಲಾ ಎಂದರು.

ಹೋಲಿಸುವುದು ಬೇರೆ, ಇದು ಬೇರೆ. ಹೋಲಿಸುವವನು ಒಂದರ ಹಾಗೆ ಇನ್ನೊಂದು ಇದೆಯೇ ಎಂದು ಹುಡುಕುತ್ತಾನೆ. ತಾಳೆ ನೋಡುವವನಿಗೆ ಕೊನೆಗೆ ಸರಿ ಬಂದರೆ ಸಾಕು. ಮುಕಾಬಲಿಸುವವನು ಏನನ್ನೂ ಬಯಸಕೂಡದು. ಎರಡನ್ನೂ ಎದುರಿಗೆ ನಿಲ್ಲಿಸಿ, ತಾನು ಸುಮ್ಮನಿದ್ದು, ಅವು ಏನು ಹೇಳುತ್ತವೆಯೋ ಅದನ್ನು ಕೇಳಬೇಕು. ಇಷ್ಟು ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು, ಒಂದು ಸಂಸಾರ ಅದಕ್ಕೆ ಬೆಲೆ ತೆತ್ತಿತು.

ಈ ಮಾತನ್ನು ನನಗೆ ಕಲಿಸಿದವರು ಗೌಸ್ ಸಾಬ್. ಭಾಲ್ಕಿಯಲ್ಲಿ ನಾನು ಹೊಸದಾಗಿ ಸೇರಿದಾಗ ಅವರು ಹೆಡ್ ಕಾನ್‌ಸ್ಟೇಬಲ್. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು, ನಿವೃತ್ತರಾಗುವ ತನಕ ಅದೇ ದಾರ. ಅವರ ಹತ್ತಿರ ಎರಡು ಪುಸ್ತಕ ಇರುತ್ತಿದ್ದವು. ಒಂದರಲ್ಲಿ ಕಾಣೆಯಾದವರ ವಿವರ, ಅದಕ್ಕೆ ಅವರು ಗುಮಶುದಾ ಅನ್ನುತ್ತಿದ್ದರು. ಇನ್ನೊಂದರಲ್ಲಿ ಸುತ್ತಲಿನ ಜಿಲ್ಲೆಗಳಲ್ಲಿ ಸಿಕ್ಕ ಗುರುತಿಲ್ಲದ ಹೆಣಗಳ ವಿವರ, ಅದು ಲಾವಾರಿಸ್. ನಮ್ಮದು ಮೂರು ರಾಜ್ಯ ಕೂಡುವ ನಾಡು. ಇಲ್ಲಿ ಮನೆ ಬಿಟ್ಟವನು ಅರ್ಧ ದಿನ ನಡೆದರೆ ಮರಾಠಿ ಸೀಮೆಯಲ್ಲೋ ತೆಲುಗು ಸೀಮೆಯಲ್ಲೋ ಬೀಳುತ್ತಾನೆ. ಅಲ್ಲಿಂದ ಸಂದೇಶ ಬರುತ್ತದೆ: ಇಂಥಲ್ಲಿ ಒಂದು ಹೆಣ, ಅಂದಾಜು ಇಷ್ಟು ವಯಸ್ಸು, ಇಂಥ ಬಟ್ಟೆ. ಈ ಎರಡು ಪುಸ್ತಕ ಎದುರೆದುರು ಕೂಡಿಸದಿದ್ದರೆ ಹೆಣ ಅಲ್ಲೇ ಮಣ್ಣಾಗುತ್ತದೆ, ಮನೆಯವರು ಇಲ್ಲಿ ಬಾಗಿಲು ನೋಡುತ್ತ ಕೂಡುತ್ತಾರೆ.

"ಏ ಮಿಲಿಂದಾ, ಕೂಡು ಇಲ್ಲಿ, ನನ್ನ ಮಾರಿ ಮುಂದ" ಎಂದು ಗೌಸ್ ಸಾಬ್ ಟೇಬಲ್ಲಿನ ಆಚೆ ಬದಿ ತೋರಿಸುತ್ತಿದ್ದರು. "ಗುಮಶುದಾ ನೀ ಓದು. ಲಾವಾರಿಸ್ ನಾ ಓದ್ತೀನಿ. ಬಾಯಿ ಬಿಟ್ಟು ಓದು, ಮನಸಿನಾಗ ಓದಬ್ಯಾಡ. ಮನಸಿನಾಗ ಓದಿದ್ರ ಕಣ್ಣು ಸುಳ್ಳು ಹೇಳ್ತದ."

ಒಬ್ಬನೇ ಕೂತು ಮಾಡಿದ್ದು ಮುಕಾಬಲಾ ಅಲ್ಲ ಎಂಬುದು ಅವರ ಮೊದಲ ಹಟ. ಎರಡನೆಯದು, ಎಲ್ಲಾದರೂ ಫರಕು ಬಂದರೂ ಕೊನೆಯ ಸಾಲಿನ ತನಕ ಓದಬೇಕು. ಮೂರನೆಯದನ್ನು ಅವರು ದಿನಾ ಹೇಳುತ್ತಿದ್ದರು, ನಾವೆಲ್ಲ ದಿನಾ ಮರೆಯುತ್ತಿದ್ದೆವು: ದೂರು ಬರೆದ ಮೇಲೆ ಅದರ ಮೊದಲ ಮುಕಾಬಲಾ ದೂರು ಕೊಟ್ಟವರ ಜೊತೆಯೇ ಆಗಬೇಕು. ಬರೆದದ್ದನ್ನು ಅವರ ಎದುರು ಓದಬೇಕು. ಪ್ರತಿ ದೂರಿನ ಕೊನೆಗೆ ಒಂದು ಸಾಲು ಇರುತ್ತದಲ್ಲ, 'ಓದಿ ಹೇಳಿದ್ದನ್ನು ಕೇಳಿ, ಸರಿ ಇದೆ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ' ಎಂದು, ಅದಕ್ಕಾಗಿಯೇ ಅದು ಇರುವುದು. ನಾವು ಆ ಸಾಲನ್ನು ಉಸಿರು ಬಿಡುವಷ್ಟು ಸಲೀಸಾಗಿ ಬರೆಯುತ್ತಿದ್ದೆವು. ಓದಿ ಹೇಳುವುದು ಮಾತ್ರ ಪುರಸೊತ್ತು ಇದ್ದ ದಿನ.

ಖಟಕ ಚಿಂಚೋಳಿಯ ಹುಡುಗನ ಪ್ರಕರಣದಲ್ಲಿ ಗೌಸ್ ಸಾಬರ ಎರಡನೆಯ ಹಟದ ಬೆಲೆ ಗೊತ್ತಾಯಿತು. ಇಪ್ಪತ್ತರ ಆಸುಪಾಸಿನ ಹುಡುಗ, ಮನೆಯಿಂದ ಹೋದವನು ಬಂದಿಲ್ಲ, ಮೈಮೇಲೆ ನೀಲಿ ಅಂಗಿ ಎಂದು ಅವನಪ್ಪ ಬರೆಸಿದ್ದ. ಲಾವಾರಿಸ್ ಪುಸ್ತಕದಲ್ಲಿ ರೈಲು ಹಳಿಯ ಮಗ್ಗುಲಲ್ಲಿ ಸಿಕ್ಕ ಹೆಣವಿತ್ತು, ಮೈಮೇಲೆ ಬಿಳಿ ಗೀರಿನ ಅಂಗಿ. "ಫರಕ್ ಅದರಿ, ಮುಂದಿಂದು ತಗೋತೀನಿ" ಅಂದೆ.

"ನಿನಗ ನಿಲ್ಲು ಅಂತ ಯಾರಂದ್ರು? ಓದು."

ಓದಿದೆ. ಎಡಗೈ ಕಿರುಬೆರಳು ಸೊಟ್ಟ ಎಂದಿತ್ತು ನನ್ನ ಪುಸ್ತಕದಲ್ಲಿ. ಗೌಸ್ ಸಾಬ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಅವರ ಪುಸ್ತಕದಲ್ಲೂ ಅದೇ ಬೆರಳು, ಅದೇ ಸೊಟ್ಟ.

ಮರುದಿನ ಬೆಳಗಿನ ಬಸ್ಸಿಗೆ ಅವನಪ್ಪ ಬಂದ. ಕೂಲಿಯ ಮನುಷ್ಯ. ನಮ್ಮ ಜೊತೆ ಶವಾಗಾರಕ್ಕೆ ಬಂದು ಮಗನ ಗುರುತು ಹಿಡಿದ, ಅಳಲಿಲ್ಲ. ಗಂಟು ಕಟ್ಟಿದ ಬಟ್ಟೆ ನೋಡಿ, "ಈ ಅಂಗಿ ನನ್ನ ಮಗಂದಲ್ರಿ, ಅವನ ದೋಸ್ತಂದು. ಒಗದು ಕೊಡಬೇಕ್ರಿ" ಅಂದ. ರಕ್ತ ಹತ್ತಿದ ಆ ಅಂಗಿಯನ್ನು ಒಗೆದು ಯಾರಿಗೆ ಕೊಡುತ್ತಾನೆ ಎಂದು ನಾನು ಹೊರಗೆ ಬಂದು ಅತ್ತೆ. ಗೌಸ್ ಸಾಬ್ ನನ್ನನ್ನು ಸಮಾಧಾನ ಮಾಡಲಿಲ್ಲ. "ಅಂಗೀ ಸಾಲಿನ ಹತ್ರ ಓದೋದು ನಿಲ್ಲಿಸಿದ್ದರ ನೀ ಅಳಬೇಕಿತ್ತು" ಅಂದರು. ನಾನು ಅಂಗಿಯ ಹತ್ತಿರವೇ ನಿಲ್ಲುವವನಿದ್ದೆ, ಅವರು ಓದಿಸಿದರು.

ಇದಾದ ಎಷ್ಟೋ ವರ್ಷಕ್ಕೆ ಬೀದರ ನಗರದ ಒಂದು ಠಾಣೆಯಲ್ಲಿ ರೈಟರ್ ಆಗಿದ್ದಾಗ ಇದರ ತದ್ವಿರುದ್ಧ ತಪ್ಪು ಮಾಡಿದೆ. ಅಲ್ಲಿನ ಇನ್ಸ್‌ಪೆಕ್ಟರ್ ಸಾಹೇಬರಿಗೆ ಪುಸ್ತಕ ಸ್ವಚ್ಛ ಇರಬೇಕು, ಬಾಕಿ ಅನ್ನುವ ಮಾತು ಅವರಿಗೆ ಆಗುತ್ತಿರಲಿಲ್ಲ. ಬಾವಿಯಲ್ಲಿ ಒಂದು ಹೆಣ ಸಿಕ್ಕಿತ್ತು, ಮುಖ ಉಳಿದಿರಲಿಲ್ಲ. ಬಗದಲ್‌ನ ಒಂದು ಮನೆಯ ಹಿರಿಯ ಮಗ ಜಗಳವಾಡಿ ಹೋದವನು ಬಂದಿರಲಿಲ್ಲ. ಎತ್ತರ ಸರಿ, ವಯಸ್ಸು ಸರಿ, ಬೆರಳಲ್ಲಿ ತಾಮ್ರದ ಉಂಗುರ ಸರಿ. "ಇನ್ನೇನು ಬೇಕ್ರಿ ರೈಟರ್ ಸಾಹೇಬ್ರ, ಕೊಟ್ಟುಬಿಡ್ರಿ" ಅಂದರು ಇನ್ಸ್‌ಪೆಕ್ಟರ್. ಕೊಟ್ಟೆ. ಮನೆಯವರು ಎದೆ ಬಡಿದುಕೊಂಡು ಒಯ್ದು ಮಣ್ಣು ಮಾಡಿದರು. ಹನ್ನೆರಡನೆಯ ದಿನ ಆ ಮಗ ಹೈದರಾಬಾದಿನಿಂದ ಬಂದು ಬಗದಲ್‌ನಲ್ಲಿ ಬಸ್ಸಿಳಿದ. ತನ್ನದೇ ತಿಥಿಯ ಅಡುಗೆಯ ವಾಸನೆ ಹಿಡಿದು ಮನೆಯೊಳಗೆ ಹೋದನಂತೆ. ಅವನ ತಾಯಿಗೆ ಎಚ್ಚರ ತಪ್ಪಿತು. ಊರವರು ನಕ್ಕರು, ಪೇಪರಿನವರು ನಕ್ಕರು, ಇನ್ಸ್‌ಪೆಕ್ಟರ್ ನನಗೆ ಮೆಮೊ ಕೊಟ್ಟರು. ಮಣ್ಣಾದವನು ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಅವನಿಗೂ ಒಂದು ಮನೆ ಇದ್ದೀತು, ಅವರಿಗೆ ಯಾರೂ ಏನೂ ಹೇಳಲಿಲ್ಲ.

ಈ ಮೆಮೊದಿಂದ ನಾನು ಪಾಠ ಕಲಿತೆ, ಕಲಿತದ್ದು ತಪ್ಪು ಪಾಠ. ಹಾವು ತುಳಿದವನಿಗೆ ಹಗ್ಗ ಕಂಡರೂ ಅಂಜಿಕೆ. ಎರಡು ವಿವರ ಹೊಂದುತ್ತವೆ ಅನ್ನಲು ಅಂಜತೊಡಗಿದೆ. ಹೊಂದುವುದಿಲ್ಲ ಅಂದರೆ ಯಾರೂ ಮೆಮೊ ಕೊಡುವುದಿಲ್ಲ. ಮೊದಲ ಫರಕು ಕಂಡಕೂಡಲೇ ಕೆಂಪು ಪೆನ್ನಿನಿಂದ ಗೀಟು ಹೊಡೆದು, ಸಣ್ಣ ಸಹಿ ಹಾಕಿ, ಮುಂದಿನದಕ್ಕೆ ಹೋಗುವುದು ರೂಢಿಯಾಯಿತು. ಕೆಲಸ ಬೇಗ ಆಗುತ್ತಿತ್ತು. ಮೇಲಿನವರು ಮೆಚ್ಚಿದರು. ಗೌಸ್ ಸಾಬ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅದೇ ರೂಢಿಯನ್ನು ಕಟ್ಟಿಕೊಂಡು ಔರಾದ ತಾಲೂಕಿನ ಗಡಿ ಕಡೆಯ ಒಂದು ಠಾಣೆಗೆ ವರ್ಗವಾಗಿ ಹೋದೆ. ಠಾಣೆಯ ಹೆಸರು ಬೇಡ. ತಪ್ಪು ಠಾಣೆಯದಲ್ಲ, ನನ್ನದು.

ಒಂದು ಬೆಳಿಗ್ಗೆ ಡಾಬಕಾದಿಂದ ಕಾಶಿಬಾಯಿ ಎಂಬ ಹೆಣ್ಣುಮಗಳು ಮೈದುನನ ಜೊತೆ ಬಂದಳು. ಕುರಿ ಸಾಕುವ ಮನೆತನ, ಒಂದಿಷ್ಟು ಬೆದ್ದಲು ಹೊಲ. ಗಂಡ ಮಾಳಪ್ಪ, ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಜಾಗ ಗೊತ್ತು ಮಾಡಿ ಬರುತ್ತೇನೆಂದು ಗಡಿ ದಾಟಿ ಮಹಾರಾಷ್ಟ್ರದ ಕಡೆ ಒಬ್ಬನೇ ಹೋಗಿದ್ದ. ಪ್ರತಿ ವರ್ಷವೂ ಹೀಗೇ ಹೋಗುವವನು, ನಾಲ್ಕೈದು ದಿನಕ್ಕೆ ಬರುವವನು. ಈ ಸಲ ಎಂಟು ದಿನವಾಗಿತ್ತು.

ಆ ದಿನ ಠಾಣೆಯಲ್ಲಿ ಗದ್ದಲ. ಮರುದಿನ ಯಾರೋ ದೊಡ್ಡವರ ಭೇಟಿ, ಬಂದೋಬಸ್ತಿಗೆ ಜನ ಹೋಗಬೇಕು, ಅದರ ಪಟ್ಟಿ ನಾನೇ ಬರೆಯಬೇಕು. ಕಾಶಿಬಾಯಿ ಬೆಂಚಿನ ತುದಿಗೆ ಕೂತು ಹೇಳುತ್ತಿದ್ದಳು, ನಾನು ಅವಳ ಮುಖ ನೋಡದೆ ಬರೆಯುತ್ತಿದ್ದೆ.

"ವಯಸ್ಸೆಷ್ಟು?"

"ನನಗ ಗೊತ್ತಿಲ್ರಿ ಸಾಹೇಬ್ರ. ಓಟಿನ ಚೀಟಿ ತಂದೀನಿ, ಅದರಾಗ ಏನದ ನೋಡ್ರಿ."

ಚೀಟಿಯಲ್ಲಿ ನಲವತ್ತೆರಡು ಎಂದಿತ್ತು, ಬರೆದೆ. ಚೀಟಿ ಮಾಡುವವರು ಕುರಿಹಟ್ಟಿಗೆ ಹೋಗಿ ವಯಸ್ಸು ಹೇಗೆ ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಅರ್ಧ ಊರಿಗೆ ಒಂದೇ ಹುಟ್ಟಿದ ದಿನ ಬರೆದು ಬರುತ್ತಾರೆ. ಗೊತ್ತಿದ್ದೂ ಬರೆದೆ.

"ಗುರುತು?"

"ಎಡಗಾಲಿಗೆ ಮೊಣಕಾಲ ಕೆಳಗ ಮೂರು ಬರಿ ಅವರಿ. ಸಣ್ಣವರಿದ್ದಾಗ ಅವರವ್ವ ಹಾಕಿಸಿದ್ದು. ಹೆಗಲ ಮ್ಯಾಲ ಕರೀ ಕಂಬಳಿ ಅದರಿ. ಅದರ ಅಂಚು ಹರದಿತ್ತು, ನಾನೇ ಹಸರು ದಾರದಲೆ ಹೊಲದೀನಿ. ಕರೀ ದಾರ ಇರಲಿಲ್ಲರಿ, ಹಸರದೇ ಇತ್ತು. ಹಸರು ಯಾಕ ಹಚ್ಚಿದಿ ಅಂತ ನಕ್ಕರು ನನಗ..."

ಹೆಂಗಸರು ದೂರು ಕೊಡುವಾಗ ಹೀಗೇ, ಸಂಸಾರವನ್ನೆಲ್ಲ ಹೇಳುತ್ತಾರೆ ಅಂದುಕೊಂಡೆ. 'ಎಡಗಾಲಿಗೆ ಮೂರು ಬರೆ ಗುರುತು, ಕಪ್ಪು ಕಂಬಳಿ' ಎಂದಷ್ಟೇ ಬರೆದೆ. ಕೊನೆಯ ಸಾಲು ಬರೆದೆ. ಹೆಬ್ಬೆಟ್ಟು ಒತ್ತಿಸಿಕೊಂಡೆ. "ಹೋಗ್ರಿ, ತಿಳಿದ್ರ ಹೇಳಿ ಕಳಿಸ್ತೀವಿ" ಅಂದೆ.

ಅವರು ಹೊರಗೆ ಹೋದ ಮೇಲೆ ಲಾವಾರಿಸ್ ಪುಸ್ತಕ ತೆಗೆದೆ. ಇಷ್ಟಾದರೂ ಮಾಡಿದೆನಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ, ಅದು ಸಮಾಧಾನವಲ್ಲ. ನನ್ನ ಎದುರು ಕೂತು ಓದುವ ಪೇದೆ ಬಂದೋಬಸ್ತಿಗೆ ಹೋಗಿದ್ದ. ನಿಂತುಕೊಂಡೇ, ಒಬ್ಬನೇ, ಮನಸ್ಸಿನಲ್ಲಿ ಓದಿದೆ. ಹಿಂದಿನ ದಿನವಷ್ಟೇ ಗಡಿಯ ಆಚೆಯಿಂದ ಬಂದ ಮರಾಠಿ ಸಂದೇಶ ಅಲ್ಲಿತ್ತು: ಸೇತುವೆಯ ಹತ್ತಿರ ಗಂಡಸಿನ ಹೆಣ, ಹಾವು ಕಚ್ಚಿ ಸತ್ತಂತೆ ಕಾಣುತ್ತದೆ, ಅಂದಾಜು ವಯಸ್ಸು ಐವತ್ತೈದರಿಂದ ಅರವತ್ತು. ನನ್ನ ಪುಸ್ತಕದಲ್ಲಿ ನಲವತ್ತೆರಡು. ಕೆಂಪು ಗೀಟು, ಸಹಿ, ತಾರೀಖು. ಬಂದೋಬಸ್ತಿನ ಪಟ್ಟಿ ಬರೆಯಲು ಕೂತೆ.

ಆಮೇಲೆ ಮೂರು ವರ್ಷ, ಪ್ರತಿ ಅಮಾವಾಸ್ಯೆಗೆ ಕಾಶಿಬಾಯಿ ಬಂದಳು. ಅಮಾವಾಸ್ಯೆ ಅವರಿಗೆ ಕೆಲಸ ಬಿಟ್ಟ ದಿನ. ಬೆಳಗಿನ ಬಸ್ಸಿಗೆ ಬಂದು ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು, ಒಳಗೆ ಗದ್ದಲ ಕಡಿಮೆಯಾದ ಮೇಲೆ ಬಾಗಿಲಿಗೆ ಬಂದು, "ಏನರ ತಿಳೀತೇನ್ರಿ?" ಅನ್ನುತ್ತಿದ್ದಳು. ನಾನು ತಲೆ ಎತ್ತಿ, "ಇನ್ನಾ ಏನೂ ಬಂದಿಲ್ಲವ್ವ" ಅನ್ನುತ್ತಿದ್ದೆ. ಒಮ್ಮೆಯೂ ಪುಸ್ತಕ ತೆಗೆಯಲಿಲ್ಲ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಊರಲ್ಲಿ ಮುಂಡೆ ಎಂದು ಆಡಿಕೊಳ್ಳುವವರು ಒಂದು ಕಡೆ, ಗಂಡ ಯಾವಳದೋ ಹಿಂದೆ ಓಡಿಹೋದ ಎನ್ನುವವರು ಇನ್ನೊಂದು ಕಡೆ. ಕಿರಿಯ ಮಗಳಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು, ಅಪ್ಪ ಇದ್ದಾನೋ ಇಲ್ಲವೋ ಅದನ್ನಾದರೂ ಹೇಳಿ ಎಂದು ಕೇಳಿ ಕೇಳಿ ಬೇರೆ ಕಡೆ ಹೋದರು. ಇದನ್ನೆಲ್ಲ ಅವಳೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. "ಇದ್ದಾರ ಅಂದ್ರ ಕಾಯ್ತೇನಿ, ಇಲ್ಲಂದ್ರ ಅಳ್ತೇನಿ. ಎರಡರಾಗ ಒಂದು ಹೇಳ್ರಿ ಸಾಹೇಬ್ರ" ಅಂದಿದ್ದಳು ಒಮ್ಮೆ. ನನಗೆ ಮರುಕ ಬರುತ್ತಿತ್ತು. ನಮ್ಮಂಥವರ ಮರುಕ ಕುರ್ಚಿ ಬಿಟ್ಟು ಏಳುವುದಿಲ್ಲ.

ಮೂರು ವರ್ಷದ ಮೇಲೆ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಆದೇಶ ಬಂತು. ಆ ಕೆಲಸಕ್ಕೆ ಸವಿತಾ ಎಂಬ ಮಹಿಳಾ ಪೇದೆಯನ್ನು ಹಾಕಿದರು. ಚುರುಕು ಹೆಣ್ಣು, ಬಾಯಿಯೂ ಚುರುಕು. ಮರಾಠಿ ಸಂದೇಶ ಓದಲು ಬಾರದೆಂದು ನನ್ನನ್ನು ಎದುರು ಕೂರಿಸಿಕೊಂಡಳು. "ನೀವು ಅದು ಓದ್ರಿ, ನಾ ಇದು ಓದ್ತೀನಿ, ಹೊಂದಿದ್ರ ಹೊಂದ್ತು" ಅಂದಳು. ಗೌಸ್ ಸಾಬರ ಹೆಸರನ್ನೂ ಕೇಳದವಳು, ಅವರ ಪದ್ಧತಿಗೆ ತಾನಾಗಿ ಬಂದಿದ್ದಳು. ಕಂಪ್ಯೂಟರಿಗೆ ಎಲ್ಲ ಕಾಲಂ ತುಂಬಬೇಕಾದ್ದರಿಂದ ನಡುವೆ ನಿಲ್ಲುವಂತೆಯೂ ಇರಲಿಲ್ಲ.

ಮೂರನೆಯ ದಿನ ಆ ಪುಟ ಬಂತು. ಪುಟದ ಮೇಲೆ ನನ್ನ ಕೆಂಪು ಗೀಟು ಇತ್ತು, ಇಂಥ ಗೀಟು ನೂರಾರು ಇದ್ದುದರಿಂದ ಗಮನಿಸಲಿಲ್ಲ. ವಯಸ್ಸು ಓದಿದೆ. ಎತ್ತರ ಓದಿದೆ. "ಎಡಗಾಲ ಮೊಣಕಾಲ ಕೆಳಗೆ ಮೂರು ಸುಟ್ಟ ಗುರುತು" ಎಂದು ಮರಾಠಿಯಿಂದ ಹೇಳಿದೆ.

"ತಡೀರಿ" ಅಂದಳು ಸವಿತಾ. "ಇಲ್ಲಿನೂ ಮೂರು ಬರಿ ಅದರಿ, ಎಡಗಾಲೇ. ಮುಂದ ಓದ್ರಿ."

"ಕಪ್ಪು ಕಂಬಳಿ. ಒಂದು ಅಂಚಿಗೆ..."

"ಅಂಚಿಗಿ ಏನ್ರಿ? ಯಾಕ ನಿಂತ್ರಿ?"

ಅಂಚಿಗೆ ಹಸಿರು ದಾರದ ಹೊಲಿಗೆ ಎಂದಿತ್ತು. ಅವಳ ಕೈಯಲ್ಲಿದ್ದ ದೂರಿನಲ್ಲಿ ಆ ಹಸಿರು ಇರಲಿಲ್ಲ, ನನ್ನ ಕಿವಿಯಲ್ಲಿತ್ತು. ಗೀಟಿನ ಕೆಳಗಿನ ತಾರೀಖು ನೋಡಿದೆ. ಸವಿತಾ ತನ್ನ ಕೈಯಲ್ಲಿದ್ದ ದೂರಿನ ತಾರೀಖು ನೋಡಿದಳು. ಎರಡೂ ಒಂದೇ ದಿನ. ಅವಳು ನನ್ನ ಮುಖ ನೋಡಿ ನೀರು ತಂದಿಟ್ಟಳು.

ಗಡಿಯ ಆಚೆಯ ಠಾಣೆಗೆ ಫೋನು ಮಾಡಿ ಕಾಗದ ತರಿಸಿದೆವು. ಅವರು ಹೆಣವನ್ನು ಮೂರು ದಿನ ಆಸ್ಪತ್ರೆಯ ಶವಾಗಾರದಲ್ಲಿ ಇಟ್ಟಿದ್ದರು, ಯಾರೂ ಬರದಿದ್ದಾಗ ಮಣ್ಣು ಮಾಡಿದ್ದರು. ಮಣ್ಣು ಮಾಡಿದ್ದು ನಾನು ಗೀಟು ಹೊಡೆದ ಮರುದಿನ ಸಂಜೆ. ಬಟ್ಟೆಬರೆ ಉಳಿದಿರಲಿಲ್ಲ, ಫೋಟೊ ಮಾತ್ರ ಇದ್ದವು. ನಮ್ಮ ಸಬ್‌ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಕಾಗದ ನೋಡಿ, ಗೀಟು ನೋಡಿ, "ಕಂಪ್ಯೂಟರ್‌ಗೆ ಹಾಕುವಾಗ ಪತ್ತೆ ಆಯ್ತು ಅಂತ ಬರೀರಿ. ಸುಳ್ಳಂತೂ ಅಲ್ಲಲ್ಲ" ಅಂದರು. ನಾನು ಹಾಗೆಯೇ ಬರೆದೆ. ಸರ್ಕಾರಿ ಕಾಗದದಲ್ಲಿ ಇವತ್ತಿಗೂ ಹಾಗೆಯೇ ಇದೆ. ನನಗೆ ಮೆಮೊ ಬರಲಿಲ್ಲ.

ಡಾಬಕಾಕ್ಕೆ ನಾನೂ ಸವಿತಾಳೂ ಹೋದೆವು. ಕಾಶಿಬಾಯಿ ಹಟ್ಟಿಯ ಮುಂದೆ ಕುರಿಮರಿಗಳನ್ನು ಬುಟ್ಟಿಯಡಿ ಮುಚ್ಚುತ್ತಿದ್ದಳು. ಅಮಾವಾಸ್ಯೆ ಅಲ್ಲದ ದಿನ ನಾವೇ ಬಂದದ್ದು ನೋಡಿ ಅವಳಿಗೆ ತಿಳಿದುಹೋಯಿತು. ಕೈ ತೊಳೆದುಕೊಂಡು ಬಂದು ಕೂತಳು. ಮೈದುನ ಬಂದ, ಕಿರಿಯ ಮಗಳು ಬಾಗಿಲಿಗೆ ಬಂದು ನಿಂತಳು. ಫೋಟೊ ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬಿಸಿಲಿಗೆ ಉಬ್ಬಿದ ಮುಖ ಅದು.

"ಮಾರಿ ಗುರ್ತು ಸಿಗವಲ್ದರಿ" ಅಂದಳು. ಆಮೇಲೆ ಬೆರಳನ್ನು ಫೋಟೊದ ಕೆಳಭಾಗಕ್ಕೆ ತಂದು, "ಹೊಲಿಗಿ ನಂದೇ" ಅಂದಳು.

ಅವಳು ಅತ್ತದ್ದನ್ನು ಬರೆಯುವುದಿಲ್ಲ. ಮೂರು ವರ್ಷ ತಡೆದಿಟ್ಟದ್ದು ಅದು. ಮಗಳು ಅವಳನ್ನು ಹಿಡಿದುಕೊಂಡು ಕೂತಳು, ಸವಿತಾ ಆಚೆಗೆ ಎದ್ದುಹೋದಳು. ಅತ್ತು ಮುಗಿದ ಮೇಲೆ ಕಾಶಿಬಾಯಿ ಕೇಳಿದ ಮೊದಲ ಪ್ರಶ್ನೆ, "ಮಣ್ಣು ಯಾವತ್ತು ಮಾಡಿದ್ರಿ?"

ಹೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು. ಅಕ್ಷರ ಬರದವರ ಲೆಕ್ಕದಲ್ಲಿ ದಿನ ತಪ್ಪುವುದಿಲ್ಲ.

"ಹಂಗಾದ್ರ ನಾ ಮೊದಲ ಸಲ ನಿಮ್ಮ ಕಡಿ ಬಂದ ದಿನ ಅವರು ಅಲ್ಲೇ ಇದ್ರೇನ್ರಿ? ಮಣ್ಣಾಗಿರಲಿಲ್ಲೇನ್ರಿ?"

"ಮಣ್ಣಾಗಿರಲಿಲ್ಲವ್ವ."

"ಬಸ್ಸಿಗಿ ಹೋಗಿದ್ರ ಎಷ್ಟೊತ್ತಿನ ಹಾದಿ?"

"ಎರಡು ತಾಸು."

"ಮಾರಿ ನೋಡ್ತಿದ್ನಲ್ರಿ" ಅಂದಳು. ನಮ್ಮಲ್ಲಿ ಸತ್ತವರ ಮುಖ ನೋಡದೆ ಮಣ್ಣು ಕೊಡುವುದಿಲ್ಲ. ದೂರದೂರಿನ ಮಗಳು ಬರುವ ತನಕ ಹೆಣ ಕಾಯಿಸುತ್ತಾರೆ. ಅವಳ ಮನೆಯವನನ್ನು ಮುಖ ಗೊತ್ತಿಲ್ಲದವರು ಮಣ್ಣು ಮಾಡಿದ್ದರು, ಆ ಗುಂಡಿ ಯಾವುದೆಂದು ಅಲ್ಲಿನವರಿಗೂ ನೆನಪಿರಲಿಲ್ಲ.

ನನ್ನ ಚೀಲದಲ್ಲಿ ಎರಡು ಪುಟಗಳ ಜೆರಾಕ್ಸ್ ಇತ್ತು. ತರಬೇಕೆಂದು ಯಾರೂ ಹೇಳಿರಲಿಲ್ಲ. ತೆಗೆದು ಅವಳ ಮುಂದೆ ನೆಲದ ಮೇಲೆ ಎದುರುಬದುರು ಇಟ್ಟೆ. "ಈ ಗೀಟು ಏನ್ರಿ?" ಎಂದು ಕೇಳಿದಳು. ಜೆರಾಕ್ಸಿನಲ್ಲಿ ಅದು ಕಪ್ಪಾಗಿ ಬಂದಿತ್ತು.

"ಅದು ನಂದವ್ವ. ಇವರು ನಿಮ್ಮವರಲ್ಲ ಅಂತ ನಾನೇ ಹೊಡೆದ ಗೀಟು. ನೀವು ಬಂದ ದಿನಾನೇ."

ಮೈದುನ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಚಲೋ ಇತ್ತು. ಕಾಶಿಬಾಯಿ ಅವನಿಗೆ ಕೂಡು ಎಂದು ಕೈ ಮಾಡಿ, "ಏನು ಬರದೀರಿ ಓದ್ರಿ" ಅಂದಳು.

ನಾನು ಅವಳ ಎದುರು ಕೂತು ಓದಿದೆ. ಬಾಯಿ ಬಿಟ್ಟು ಓದಿದೆ. ವಯಸ್ಸು ನಲವತ್ತೆರಡು ಅಂದಾಗ ತಡೆದಳು. "ನಲವತ್ತೆರಡು? ನನ್ನ ಹಿರಿ ಮಗಳೇ ಮೂವತ್ತೈದು ದಾಟ್ಯಾಳ್ರಿ." ಕಪ್ಪು ಕಂಬಳಿ ಅಂದಾಗ ಮತ್ತೆ ತಡೆದಳು. "ಹಸರು ದಾರ ಹೇಳಿದ್ನಲ್ರಿ. ಬರೀಲಿಲ್ಲೇನು?" ಎರಡು ಮಾತು. ಮೂರು ವರ್ಷದಲ್ಲಿ ನಾನು ಹಿಡಿಯದ ಎರಡು ತಪ್ಪನ್ನು ಓದು ಬರದ ಹೆಣ್ಣುಮಗಳು ಒಂದು ನಿಮಿಷದಲ್ಲಿ ಹಿಡಿದಳು. ಇನ್ನು ನಿಲ್ಲಿಸೋಣ ಅನ್ನಿಸಿತು. ಆದರೆ ಕೊನೆಯ ಸಾಲಿನ ತನಕ ಓದಬೇಕು ಎಂದು ಹೇಳಿಕೊಟ್ಟಿದ್ದರಲ್ಲ.

ಓದಿದೆ. "ಮೇಲಿನ ಹೇಳಿಕೆಯನ್ನು ಓದಿ ಹೇಳಿದ್ದನ್ನು ಕೇಳಿ, ಸರಿ ಇದೆ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ."

ಕಾಶಿಬಾಯಿ ಕಾಗದದ ಕೆಳಗಿದ್ದ ತನ್ನ ಹೆಬ್ಬೆಟ್ಟಿನ ಗುರುತು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅವತ್ತು ಓದಿ ಹೇಳಿದ್ರೇನ್ರಿ?"

"ಇಲ್ಲವ್ವ" ಅಂದೆ.